ಬೆಚ್ಚಗಾದ ಗೋಡೆಯನ್ನು ಮುಚ್ಚಬೇಡಿ

ಪ್ರಶ್ನೆ: ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಮ್ಮದು ಸುಮಾರು ತೊಂಬತ್ತು ವರ್ಷದ ಹೆಂಚಿನ ಮನೆ. ಕೆಳಗೆ ದಪ್ಪ ಮಣ್ಣಿನ ಗೋಡೆ, ಅಡುಗೆಮನೆಯ ಕಡೆ ಜಂಬಿಟ್ಟಿಗೆ. ಮಹಡಿಯ ಕೋಣೆಗಳ ನಡುವೆ ಎರಡು ಪದರ ಹಲಗೆಯ ಅಡ್ಡಗೋಡೆ. ವೈರಿಂಗನ್ನು ಮಾವನವರ ಕಾಲದಲ್ಲಿ ಮರದ ಪಟ್ಟಿಯೊಳಗೆ ಎಳೆಸಿದ್ದು; ಆಮೇಲೆ ಬೇಕಾದಂತೆ ಸೇರಿಸಿಕೊಂಡು ಬಂದಿದ್ದೇವೆ. ಎರಡು ವರ್ಷದ ಹಿಂದೆ ಬಚ್ಚಲಿಗೆ ಗೀಸರ್ ಹಾಕಿಸಿದಾಗ ನಡುಮನೆಯ ಬೋರ್ಡಿನಿಂದಲೇ ಲೈನು ಕೊಟ್ಟರು. ಕಳೆದ ತಿಂಗಳು ಒಂದು ರಾತ್ರಿ ಆ ಬೋರ್ಡಿನ ಹತ್ತಿರ ಮೀನಿನಂಥ ವಾಸನೆ ಬಂತು. ನಮ್ಮ ಮನೆಗೆ ಮೀನು ತರುವುದೇ ಇಲ್ಲ. ಮುಟ್ಟಿ ನೋಡಿದರೆ ಗೋಡೆ ಬೆಚ್ಚಗಿತ್ತು. ಎಲೆಕ್ಟ್ರಿಷಿಯನ್ ಬಂದು ಸ್ವಿಚ್ ಬದಲಿಸಿ, ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನೇ ಬಿದ್ದು ಲೈನು ಕಡಿಯುವ ಸ್ವಿಚ್ಚು) ಇದೆಯಲ್ಲ, ಹೆದರಬೇಡಿ ಎಂದು ಹೋದರು. ಮಣ್ಣಿನ ಗೋಡೆಗೆ ಬೆಂಕಿ ಹತ್ತುವುದುಂಟೆ ಎನ್ನುತ್ತಾರೆ ಮಾವನವರು. ಗೋಡೆಯ ತೇವ ಕಾಣದಂತೆ ಪಿವಿಸಿ ಪ್ಯಾನೆಲ್ ಹೊಡೆಸಿ, ಹಿಂದೆ ಬೆಂಕಿ ತಡೆಯುವಂಥದ್ದು ಏನನ್ನಾದರೂ ತುಂಬಿಸೋಣ ಎನ್ನುವುದು ಬೆಂಗಳೂರಿನಲ್ಲಿರುವ ಮೈದುನನ ಸಲಹೆ. ಮಕ್ಕಳಿಬ್ಬರೂ ಮಹಡಿಯಲ್ಲಿ ಮಲಗುತ್ತಾರೆ. ನನಗೆ ನಿದ್ದೆ ಬರುತ್ತಿಲ್ಲ. ಗೋಡೆಯೊಳಗೆ ಏನು ತುಂಬಿಸಬೇಕು? ವೈರಿಂಗನ್ನು ಪೂರ್ತಿ ಕೀಳಲೇಬೇಕೆ?

ಉತ್ತರ: ಇವತ್ತೇ ಮಾಡಬೇಕಾದದ್ದನ್ನು ಮೊದಲು ಹೇಳಿಬಿಡುತ್ತೇನೆ, ಉಳಿದದ್ದನ್ನು ಸಾವಧಾನವಾಗಿ ಓದಿ. ಗೀಸರ್ ಹಾಕಬೇಡಿ. ನಡುಮನೆಯ ಆ ಬೋರ್ಡಿಗೆ ಹೋಗುವ ಎಂಸಿಬಿಯನ್ನು ಇಳಿಸಿ, ದುರಸ್ತಿಯಾಗುವವರೆಗೆ ಇಳಿಸಿಯೇ ಇಡಿ. ಮನೆಯಲ್ಲಿ ಇನ್ವರ್ಟರ್ ಇದ್ದರೆ ಅದರ ಲೈನು ಆ ಬೋರ್ಡಿಗೆ ಬಂದಿದೆಯೇ ಎಂದು ನೋಡಿಸಿ. ಮೇನ್ ಇಳಿಸಿದರೂ ಇನ್ವರ್ಟರ್ ತನ್ನ ಬ್ಯಾಟರಿಯಿಂದ ಅದೇ ಹಳೆಯ ವೈರಿಗೆ ಕರೆಂಟು ಕೊಡುತ್ತಲೇ ಇರುತ್ತದೆ ಎನ್ನುವುದು ಬಹಳಷ್ಟು ಮನೆಗಳಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಕೆಲಸ ಮುಗಿಯುವ ತನಕ ಮಕ್ಕಳು ಕೆಳಗೆ ಮಲಗಲಿ.

ನಿಮ್ಮ ಹೆದರಿಕೆ ಸುಳ್ಳಲ್ಲ. ಸ್ವಿಚ್ಚು, ಸಾಕೆಟ್ಟುಗಳಿಗೆ ಬಳಸುವ ಕೆಲವು ಬಗೆಯ ಪ್ಲಾಸ್ಟಿಕ್ ಅತಿಯಾಗಿ ಕಾದಾಗ ಮೀನಿನ ವಾಸನೆಯೇ ಬರುತ್ತದೆ. ಜೊತೆಗೆ ಗೋಡೆಯೂ ಬೆಚ್ಚಗಿತ್ತು ಎಂದರೆ ಕಾದದ್ದು ಸ್ವಿಚ್ಚೊಂದೇ ಅಲ್ಲ, ಅದರ ಹಿಂದೆ ಅಥವಾ ಮೇಲೆ ಪಟ್ಟಿಯೊಳಗಿರುವ ಒಂದು ಜಾಯಿಂಟು. ಸ್ವಿಚ್ ಬದಲಿಸಿದ್ದರಿಂದ ಅದು ಸರಿಯಾಗಿರುವ ಸಾಧ್ಯತೆ ಕಡಿಮೆ.

ಮಾವನವರ ಮಾತಿನಲ್ಲಿ ಅರ್ಧ ಸತ್ಯವಿದೆ, ಆ ಅರ್ಧವನ್ನು ನಾನು ಗೌರವಿಸುತ್ತೇನೆ. ಮಣ್ಣು ಉರಿಯುವುದಿಲ್ಲ, ಜಂಬಿಟ್ಟಿಗೆ ಉರಿಯುವುದಿಲ್ಲ. ಒಂದೂವರೆ ಅಡಿಯ ಮಣ್ಣಿನ ಗೋಡೆ ಬೆಂಕಿಯನ್ನು ಈ ಕೋಣೆಯಿಂದ ಆ ಕೋಣೆಗೆ ದಾಟಗೊಡದೆ ಗಂಟೆಗಟ್ಟಲೆ ನಿಲ್ಲುತ್ತದೆ. ಅಟ್ಟದ ಹಲಗೆಯ ಮೇಲೆ ಹಿರಿಯರು ಹರಡಿಸಿದ ಮಣ್ಣಿನ ಪದರವೂ ಅಂಥದ್ದೇ ರಕ್ಷಣೆ. ಭಾರ ಕಡಿಮೆಯಾಗಲಿ ಎಂದು ಅದನ್ನು ಕೆತ್ತಿ ತೆಗೆಸಿದವರನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ದಪ್ಪ ತೊಲೆಗಳೂ ಸುಲಭಕ್ಕೆ ಸೋಲುವುದಿಲ್ಲ. ಗಟ್ಟಿ ಮರ ಬೆಂಕಿಯಲ್ಲಿ ನಿಮಿಷಕ್ಕೆ ಅರ್ಧದಿಂದ ಮುಕ್ಕಾಲು ಮಿಲಿಮೀಟರಿನಷ್ಟು ಮಾತ್ರ ಕರಿಯಾಗುತ್ತ ಹೋಗುತ್ತದೆ, ಆ ಕರಿಯೇ ಒಳಗಿನ ತಿರುಳನ್ನು ಕಾಯುತ್ತದೆ.

ಆದರೆ ಮಲೆನಾಡಿನ ಗೋಡೆ ಬರೀ ಮಣ್ಣಲ್ಲ. ಅದರೊಳಗೆ ಕಂಬವಿದೆ, ಬಾಗಿಲಿನ ದಾರಂದವಿದೆ, ಗೂಡಿನ ಚೌಕಟ್ಟಿದೆ, ವೈರಿನ ಪಟ್ಟಿ ಹೊಡೆಯಲು ಬಡಿದ ಮರದ ಬಿರಡೆಗಳಿವೆ. ಇವೆಲ್ಲ ಒಂದಕ್ಕೊಂದು ತಾಗಿಕೊಂಡು ಅಟ್ಟದವರೆಗೂ ಹೋಗುತ್ತವೆ. ಗೋಡೆ ಉಳಿದು ಮನೆ ಹೋಗುವುದು ಹೀಗೆ.

ಹಳೆಯ ಮನೆಗಳ ದುರಸ್ತಿಯಲ್ಲೇ ಮೂವತ್ತು ವರ್ಷ ಕಳೆದವನು ನಾನು. ಸಾಗರದ ಕಡೆಯ ಒಂದು ಮನೆಯಲ್ಲಿ ನಿಮ್ಮ ಮನೆಯ ಹಾಗೆಯೇ ಗೋಡೆ ಬೆಚ್ಚಗಾಗುತ್ತಿದೆ ಎಂದು ಕರೆಸಿದ್ದರು. ಮರದ ಪಟ್ಟಿಯ ಮುಚ್ಚಳವನ್ನು ಉಳಿಯಿಂದ ಎಬ್ಬಿಸಿದೆ. ಹೊರಗೆ ಒಳ್ಳೆಯ ಬಣ್ಣ ಬಳಿದಿದ್ದ ಮುಚ್ಚಳದ ಒಳಮೈ ಒಂದು ಗೇಣಿನಷ್ಟು ಉದ್ದಕ್ಕೆ ಕಪ್ಪಾಗಿತ್ತು. ಹೆಬ್ಬೆರಳ ಉಗುರು ಒತ್ತಿದರೆ ಇದ್ದಿಲಿನಂತೆ ಒಳಗಿಳಿಯಿತು. ನಡುವೆ ಹಳೆಯ ಅಲ್ಯೂಮಿನಿಯಂ ತಂತಿಗೆ ಹೊಸ ತಾಮ್ರದ ತಂತಿಯನ್ನು ಹುರಿ ಹಾಕಿ ಟೇಪು ಸುತ್ತಿದ ಒಂದು ಜಾಯಿಂಟು. ಟೇಪು ಕರಗಿ ಬೆಲ್ಲದ ಪಾಕದಂತೆ ಇಳಿದಿತ್ತು. ಅಲ್ಲಿಂದ ಎರಡು ಬೆರಳು ಮೇಲೆ, ಪಟ್ಟಿ ಅಟ್ಟಕ್ಕೆ ತೂರುವ ಕಡೆ, ಅಡಿಕೆ ಸಿಪ್ಪೆ ಮತ್ತು ಹಳೇ ಸೀರೆಯ ಚೂರುಗಳಿಂದ ಮಾಡಿದ ಇಲಿಯ ಗೂಡು. ಆ ಮನೆಯ ಹಿರಿಯರು ಮಾತಾಡದೆ ಆ ಗೂಡನ್ನು ಬಹಳ ಹೊತ್ತು ನೋಡುತ್ತ ನಿಂತಿದ್ದರು.

ಆ ಮನೆಯಲ್ಲೂ ಎಂಸಿಬಿ ಇತ್ತು. ಅದೇಕೆ ಬೀಳಲಿಲ್ಲ? ಇದನ್ನು ನೀವು ತಿಳಿದುಕೊಂಡರೆ ಮುಂದೆ ಯಾರೂ ನಿಮ್ಮನ್ನು ಸುಮ್ಮನೆ ಸಮಾಧಾನಪಡಿಸಿ ಹೋಗಲಾರರು. ಎಂಸಿಬಿ ನೋಡುವುದು ತಂತಿಯಲ್ಲಿ ಎಷ್ಟು ಕರೆಂಟು ಹರಿಯುತ್ತಿದೆ ಎನ್ನುವುದನ್ನು ಮಾತ್ರ. 3,000 ವ್ಯಾಟ್‌ನ ಗೀಸರ್ 230 ವೋಲ್ಟಿನಲ್ಲಿ ಸುಮಾರು 13 ಆಂಪಿಯರ್ ಎಳೆಯುತ್ತದೆ. 16 ಆಂಪಿಯರಿನ ಎಂಸಿಬಿಗೆ ಇದು ಸಹಜವಾದ ಲೆಕ್ಕ. ಈಗ ದಾರಿಯಲ್ಲಿರುವ ಒಂದು ಜಾಯಿಂಟು ಸಡಿಲವಾಗಿದೆ, ಅಲ್ಲಿ ಕಾಲು ಓಮ್‌ನಷ್ಟು ತಡೆ ಉಂಟಾಗಿದೆ ಎಂದುಕೊಳ್ಳಿ. ಅಷ್ಟಕ್ಕೇ ಆ ಒಂದು ಬಿಂದುವಿನಲ್ಲಿ 40 ವ್ಯಾಟ್‌ಗಿಂತ ಹೆಚ್ಚು ಶಾಖ ಹುಟ್ಟುತ್ತದೆ. ಹಿಂದಿನ 40 ವ್ಯಾಟ್‌ನ ಬುರುಡೆ ಬಲ್ಬನ್ನು ಉರಿಯುತ್ತಿರುವಾಗ ಮುಟ್ಟಿ ಕೈ ಸುಟ್ಟುಕೊಂಡ ನೆನಪು ನಮ್ಮ ವಯಸ್ಸಿನವರಿಗೆಲ್ಲ ಇದೆ. ಆ ಬಲ್ಬು ಕಡಲೆಕಾಳಿನಷ್ಟು ಜಾಗದಲ್ಲಿ, ಗಾಳಿಯಾಡದ ಒಣಮರದ ಪಟ್ಟಿಯೊಳಗೆ, ದಿನವೂ ಬೆಳಿಗ್ಗೆ ಅರ್ಧ ಗಂಟೆ ಉರಿಯುತ್ತಿದೆ. ವೋಲ್ಟೇಜ್ ಇಳಿಯುವುದು ಮೂರು ವೋಲ್ಟಿನಷ್ಟು, ನೀರು ಎಂದಿನಂತೆ ಕಾಯುತ್ತದೆ, ಎಂಸಿಬಿಗೆ ಏನೂ ಗೊತ್ತಾಗುವುದಿಲ್ಲ. ಕಾದು ತಣಿದು ಕಾದು ತಣಿದು ಜಾಯಿಂಟು ಇನ್ನಷ್ಟು ಸಡಿಲಾಗುತ್ತದೆ. ಅಲ್ಯೂಮಿನಿಯಂ ಇದ್ದರೆ ಇನ್ನೂ ಬೇಗ, ಏಕೆಂದರೆ ಅದರ ಮೈಮೇಲೆ ಕರೆಂಟು ಹಾಯದ ಒಂದು ಪದರ ಕಟ್ಟುತ್ತದೆ. ತಾಮ್ರದ ಜೊತೆ ತೇವದಲ್ಲಿ ಕೂಡಿಸಿದರಂತೂ ಅದು ಸವೆದೇ ಹೋಗುತ್ತದೆ.

ಬೆಂಕಿ ಬಿದ್ದ ಮನೆಗಳ ಬಗ್ಗೆ ಎಲ್ಲರೂ ಶಾರ್ಟ್ ಸರ್ಕ್ಯೂಟ್ ಎಂದು ಹೇಳಿ ಮುಗಿಸುತ್ತಾರೆ. ಶಾರ್ಟ್ ಆದಾಗ ಎಂಸಿಬಿ ಕಣ್ಣು ಮಿಟುಕಿಸುವುದರೊಳಗೆ ಬೀಳುತ್ತದೆ, ಅದರ ಕೆಲಸವೇ ಅದು. ನನ್ನ ಅನುಭವದಲ್ಲಿ ಹಳೆಯ ಮನೆಗಳನ್ನು ಸುಡುವುದು ಸದ್ದಿಲ್ಲದ ಸಡಿಲ ಜಾಯಿಂಟು. ಇನ್ನು ಫ್ಯೂಸ್ ಇರುವ ಮನೆಗಳಲ್ಲಿ, ಪದೇ ಪದೇ ಹೋಗುತ್ತದೆ ಎಂದು ದಪ್ಪ ತಂತಿ ಕಟ್ಟಿರುತ್ತಾರೆ. ಅಲ್ಲಿ ಆ ಕಾವಲುಗಾರನೂ ಇಲ್ಲ.

ಎಫ್‌ಆರ್ (ಬೆಂಕಿ ಹರಡದಂಥ ಹೊದಿಕೆಯ) ವೈರು ಹಾಕಿಸಿದರೆ ಬೆಂಕಿಯ ಭಯವಿಲ್ಲ ಎನ್ನುವುದೂ ಪೂರ್ತಿ ನಿಜವಲ್ಲ. ಹೊತ್ತಿದ ಜ್ವಾಲೆ ವೈರಿನುದ್ದಕ್ಕೂ ಓಡುವುದನ್ನು ಅದು ತಡೆಯುತ್ತದೆ, ಅಷ್ಟೇ. ಜಾಯಿಂಟು ಕಾಯುವುದನ್ನು ತಡೆಯುವುದಿಲ್ಲ.

ಈಗ ಮೈದುನನ ಪ್ಯಾನೆಲ್ ವಿಷಯ. ದಯವಿಟ್ಟು ಬೇಡ. ಪ್ಯಾನೆಲ್ ಹೊಡೆಯಲು ಗೋಡೆಯ ಮೇಲೆ ರೀಪು ಕೂರಿಸುತ್ತಾರೆ, ಹಾಗಾಗಿ ಹಿಂದೆ ಒಂದು ಇಂಚಿನಷ್ಟಾದರೂ ಟೊಳ್ಳು ಉಳಿಯುತ್ತದೆ. ಆ ಟೊಳ್ಳಿನಲ್ಲಿ ಮಳೆಗಾಲದ ತೇವ ನಿಲ್ಲುತ್ತದೆ, ಇಲಿ ಮರಿ ಹಾಕುತ್ತದೆ, ಹಳೆಯ ವೈರು ಕಣ್ಣಿಗೆ ಬೀಳದೆ ಹೋಗುತ್ತದೆ. ಬೆಂಕಿ ಹೊತ್ತಿದರೆ ಅದೇ ಟೊಳ್ಳು ಚಿಮಣಿಯಾಗುತ್ತದೆ. ಪಿವಿಸಿ ಸುಟ್ಟಾಗ ಹೈಡ್ರೋಕ್ಲೋರಿಕ್ ಆಮ್ಲದ ಹೊಗೆ ಬರುತ್ತದೆ. ಕಣ್ಣು ಬಿಡಲಾಗುವುದಿಲ್ಲ, ಉಸಿರು ಎಳೆದುಕೊಳ್ಳಲಾಗುವುದಿಲ್ಲ, ಮಹಡಿಯ ಮೆಟ್ಟಿಲು ಕಾಣುವುದಿಲ್ಲ. ಹಿಂದೆ ತುಂಬಿಸಲು ಕೆಲವರು ಥರ್ಮೋಕೋಲ್ ಅಥವಾ ಡಬ್ಬಿಯಲ್ಲಿ ಬರುವ ಫೋಮ್ ಹೇಳಬಹುದು. ಎರಡೂ ಉರಿಯುವ ವಸ್ತುಗಳು. ಅದಕ್ಕಿಂತ ಮುಖ್ಯ, ನಿಮ್ಮ ಗೋಡೆ ಈಗ ನಿಮಗೊಂದು ಉಪಕಾರ ಮಾಡಿದೆ. ಬೆಚ್ಚಗಾಗಿ ಎಚ್ಚರಿಸಿದೆ. ಪ್ಯಾನೆಲ್ ಇದ್ದಿದ್ದರೆ ನಿಮ್ಮ ಅಂಗೈಗೆ ಅದು ತಿಳಿಯುತ್ತಿರಲಿಲ್ಲ.

ತೇವಕ್ಕೆ ಮದ್ದು ಬೇರೆಯೇ ಇದೆ: ಸೂರಿನ ನೀರು ಗೋಡೆಗೆ ರಾಚದಂತೆ ಮಾಡುವುದು, ಬುಡದ ಚರಂಡಿ ಬಿಡಿಸುವುದು, ಗೋಡೆಗೆ ಸುಣ್ಣದ ಗಾರೆ ಮಾಡಿಸುವುದು. ಸುಣ್ಣ ಉರಿಯುವುದಿಲ್ಲ, ಮಣ್ಣಿನ ತೇವವನ್ನು ಹೊರಗೆ ಬಿಡುತ್ತದೆ. ಮಣ್ಣಿನ ಗೋಡೆಯ ಮೇಲೆ ಸಿಮೆಂಟ್ ಗಾರೆ ಮಾಡಿಸಬೇಡಿ, ತೇವ ಒಳಗೇ ಉಳಿದು ಎರಡು ಮೂರು ಮಳೆಗಾಲದಲ್ಲಿ ಹಪ್ಪಳದಂತೆ ಏಳುತ್ತದೆ.

ಹಾಗಾದರೆ ಗೋಡೆಯೊಳಗೆ ಏನು ತುಂಬಿಸಬೇಕು? ಮಣ್ಣಿನ ಗೋಡೆಗೆ ಏನೂ ಬೇಡ. ಕಂಬ, ದಾರಂದದ ಸಂದುಗಳಲ್ಲಿ ಬಿರುಕು ಬಿಟ್ಟಿದ್ದರೆ ಮಣ್ಣು ಸುಣ್ಣ ಕಲಸಿ ಮೆತ್ತಿಸಿ. ಗೆದ್ದಲು ತಿಂದ ಕಂಬವಿದ್ದರೆ ಬಡಿದು ನೋಡಿಸಿ. ಒಳಗೆ ಟೊಳ್ಳಾದ ಕಂಬದಲ್ಲಿ ಬೆಂಕಿ ಕೊಳವೆಯಲ್ಲಿ ಏರಿದಂತೆ ಏರುತ್ತದೆ. ಒಂದು ಮನೆಯಲ್ಲಿ ಅಟ್ಟದಲ್ಲಿ ಹೊಗೆ ಕಂಡು ಜನ ಅಲ್ಲಿಗೆ ನೀರು ಸುರಿಯುತ್ತಿದ್ದರು, ಬೆಂಕಿ ಇದ್ದದ್ದು ಹತ್ತು ಅಡಿ ಕೆಳಗೆ, ಕಂಬದ ಬುಡದಲ್ಲಿ.

ನಿಮ್ಮ ಮನೆಯಲ್ಲಿ ನಿಜವಾಗಿ ಕೈಹಾಕಬೇಕಾದ ಗೋಡೆ ಮಹಡಿಯ ಆ ಎರಡು ಪದರದ ಹಲಗೆಯದು. ಮುಕ್ಕಾಲು ಇಂಚಿನ ಹಲಗೆ ತೊಲೆಯಂತಲ್ಲ, ಅರ್ಧ ಗಂಟೆಯೊಳಗೆ ತೂತಾಗುತ್ತದೆ. ಅದಕ್ಕೂ ಮೊದಲು, ನಡುವಿನ ಟೊಳ್ಳಿನಲ್ಲಿ ಬೆಂಕಿ ನಿಮಿಷಗಳಲ್ಲೇ ಹೆಂಚಿನಡಿಗೆ ಏರಿರುತ್ತದೆ. ಅಲ್ಲಿ ಪೂರ್ತಿ ಟೊಳ್ಳನ್ನು ತುಂಬಿಸುವುದಕ್ಕಿಂತ ಅದು ಮೇಲೇರುವ ದಾರಿಯನ್ನು ಕಡಿಯುವುದು ಮುಖ್ಯ. ನೆಲದ ಮಟ್ಟದಲ್ಲಿ ಒಂದು ಹಲಗೆ, ಮೇಲ್ಗಡೆ ಒಂದು ಹಲಗೆ ಬಿಚ್ಚಿಸಿ. ಒಳಗಿನ ಕಸ, ಗೂಡು, ಹಳೆಯ ವೈರು ಎಲ್ಲ ತೆಗೆಸಿ. ಆ ಎರಡೂ ಕಡೆ, ಸಾಧ್ಯವಾದರೆ ನಡುಮಧ್ಯದಲ್ಲೂ, ಒಂದು ಗೇಣಿನಷ್ಟು ಎತ್ತರಕ್ಕೆ ರಾಕ್‌ವೂಲನ್ನು ಸಂದು ಉಳಿಯದಂತೆ ಒತ್ತಿ ತುಂಬಿಸಿ, ಸಿಮೆಂಟ್ ಬೋರ್ಡಿನ ಪಟ್ಟಿಯಿಂದ ಮುಚ್ಚಿಸಿ. ರಾಕ್‌ವೂಲ್ ಕಲ್ಲನ್ನು ಕರಗಿಸಿ ಎಳೆದ ನಾರು, ಸಾವಿರ ಡಿಗ್ರಿಯವರೆಗೂ ತಾಳುತ್ತದೆ. ತುಂಬುವವರು ಕೈಗವಸು, ಮುಖಕ್ಕೆ ಬಟ್ಟೆ ಕಟ್ಟಿಕೊಳ್ಳಲಿ. ಅದಕ್ಕೆ ಒಂದು ದೋಷವಿದೆ: ನೆಂದರೆ ತೇವ ಹಿಡಿದುಕೊಂಡು ಪಕ್ಕದ ಮರವನ್ನು ಕೊಳೆಸುತ್ತದೆ. ಹೆಂಚು ಸೋರುವ ಕಡೆ ಮೊದಲು ಹೆಂಚು ಸರಿಮಾಡಿಸಿ. ತೊಲೆಯ ನೇರಕ್ಕೆ ಬರುವ ಜಾಗದಲ್ಲಿ ಜಂಬಿಟ್ಟಿಗೆ ಚೂರು, ಮಣ್ಣು ತುಂಬಿಸಬಹುದು. ಬರೀ ಹಲಗೆಯ ಮೇಲೆ ಅಷ್ಟು ಭಾರ ಹೇರಬಾರದು.

ಮಕ್ಕಳ ಕೋಣೆಯ ಮೆಟ್ಟಿಲ ಕಡೆಯ ಮೈಗೆ ಒಂದು ಪದರ ಬೋರ್ಡ್ ಹೊಡೆಸುವುದು ಒಳ್ಳೆಯದು. ಜಿಪ್ಸಂ ಬೋರ್ಡ್ ಬೆಂಕಿಗೆ ಬಹಳ ಚೆನ್ನಾಗಿ ನಿಲ್ಲುತ್ತದೆ. ಜಿಪ್ಸಮ್ಮಿನ ತೂಕದ ಐದರಲ್ಲೊಂದು ಪಾಲು ನೀರೇ ಆಗಿರುತ್ತದೆ, ಆ ನೀರು ಆವಿಯಾಗಿ ಮುಗಿಯುವವರೆಗೆ ಹಿಂಬದಿ ಹೆಚ್ಚು ಕಾಯುವುದಿಲ್ಲ. ಆದರೆ ನಿಮ್ಮ ಸೀಮೆಯ ಮಳೆಗೆ ಅದು ಮೆತ್ತಗಾಗುತ್ತದೆ ಎನ್ನುವ ಕಾರಣಕ್ಕೆ ನಾನು ಕ್ಯಾಲ್ಸಿಯಂ ಸಿಲಿಕೇಟ್ ಅಥವಾ ಸಿಮೆಂಟ್ ಬೋರ್ಡನ್ನೇ ಹೇಳುತ್ತೇನೆ. ಹಲಗೆಗೆ ಒತ್ತಿ ಹೊಡೆಸಿ, ಮತ್ತೊಂದು ಟೊಳ್ಳು ಹುಟ್ಟದಿರಲಿ. ಬೆಂಕಿ ತಡೆಯುವ ಬಣ್ಣಗಳ ಬಗ್ಗೆಯೂ ಯಾರಾದರೂ ಹೇಳಿಯಾರು. ಕಾವಿಗೆ ಉಬ್ಬಿ ಮರವನ್ನು ಮುಚ್ಚಿಕೊಳ್ಳುವ ಒಳ್ಳೆಯ ಬಣ್ಣಗಳಿವೆ ನಿಜ, ಆದರೆ ಹೇಳಿದಷ್ಟು ದಪ್ಪಕ್ಕೆ ಬಳಿಯಬೇಕು, ಹಿಂದಿನ ಎಣ್ಣೆ, ವಾರ್ನಿಷ್, ಮಸಿ ಎಲ್ಲ ಕೆರೆದು ತೆಗೆದಿರಬೇಕು. ತೊಂಬತ್ತು ವರ್ಷ ಎಣ್ಣೆ ಕುಡಿದ ಹಲಗೆಯ ಮೇಲೆ ಅದನ್ನು ನಂಬಿ ಕೂರುವುದು ನನಗೆ ಒಪ್ಪಿಗೆಯಿಲ್ಲ.

ವೈರಿಂಗ್ ಕೀಳಲೇಬೇಕೆ ಎಂದು ಕೇಳಿದ್ದೀರಿ. ಮರದ ಪಟ್ಟಿಯೊಳಗಿರುವುದನ್ನೆಲ್ಲ ಕೀಳಬೇಕು ಎಂದೇ ನನ್ನ ಉತ್ತರ. ಆ ಕಾಲದಲ್ಲಿ ಎಲೆಕ್ಟ್ರಿಷಿಯನ್ನರು 1/18 ಎನ್ನುತ್ತಿದ್ದ, ಸುಮಾರು 1.2 ಚದರ ಮಿಲಿಮೀಟರಿನ ತಂತಿಯನ್ನು ನಾಲ್ಕು ಬಲ್ಬು, ಒಂದು ರೇಡಿಯೋಗೆಂದು ಎಳೆಯುತ್ತಿದ್ದರು. ಅದು ಗೀಸರ್‌ಗೆ ಅಲ್ಲ. ರಬ್ಬರ್ ಹೊದಿಕೆಯ ತಂತಿಯಾಗಿದ್ದರೆ ಈಗ ಬಾಗಿಸಿದ ಕೂಡಲೇ ಹೊದಿಕೆ ಉದುರುತ್ತದೆ. ಪಟ್ಟಿ ಬಿಚ್ಚುವ ಮುಂಚೆ ಪರವಾನಗಿ ಇರುವ ವಿದ್ಯುತ್ ಗುತ್ತಿಗೆದಾರರಿಂದ ಮೆಗ್ಗರ್ (ವೈರಿನ ಹೊದಿಕೆ ಕರೆಂಟು ಸೋರದಂತೆ ಎಷ್ಟು ತಡೆಯುತ್ತಿದೆ ಎಂದು ಅಳೆಯುವ ಉಪಕರಣ) ಹಿಡಿಸಿ. ಟಿವಿ, ಫ್ರಿಜ್ಜು ಎಲ್ಲ ಕಳಚಿ, ಮೇನ್ ಇಳಿಸಿ, 500 ವೋಲ್ಟಿನಲ್ಲಿ ಅಳೆಯುತ್ತಾರೆ. ಯಾವುದಾದರೂ ಲೈನು ಒಂದು ಮೆಗಾಓಮ್‌ಗಿಂತ ಕಡಿಮೆ ತೋರಿಸಿದರೆ ಅದನ್ನು ಮತ್ತೆ ಬಳಸಬೇಡಿ. ಆದರೆ ಸಡಿಲ ಜಾಯಿಂಟು ಮೆಗ್ಗರಿಗೆ ಸಿಗುವುದಿಲ್ಲ. ಅಳತೆ ಚೆನ್ನಾಗಿ ಬಂತು ಎಂದು ನಡುಮನೆಯ ಲೈನನ್ನು ಉಳಿಸಿಕೊಳ್ಳಬೇಡಿ.

ಹೊಸದನ್ನು ಎಳೆಯಲು ಎರಡು ದಾರಿ. ಗೋಡೆ ಕೊರೆದು ಪೈಪು ಹೂಳುವುದು ನೋಡಲು ಚಂದ. ಮಣ್ಣಿನ ಗೋಡೆಯನ್ನು ಅಡ್ಡಡ್ಡ ಕೊರೆದರೆ ಭಾರ ಹೊರುವ ಶಕ್ತಿ ಕುಂದುತ್ತದೆ, ಮೆತ್ತಿದ ಸಿಮೆಂಟು ನಿಲ್ಲುವುದಿಲ್ಲ, ಪೈಪಿನೊಳಗೆ ತೇವ ಸೇರುತ್ತದೆ. ನಾನು ಹೇಳುವುದು ಗೋಡೆಯ ಮೇಲೆಯೇ ಕಾಣುವಂತೆ ಪೈಪು ಹಾಯಿಸುವುದನ್ನು. ಹಳೆಯ ಮನೆಯ ಅಂದ ಕೆಡುತ್ತದೆ ಎಂದು ಮನೆಯವರು ಬೇಸರಪಡುತ್ತಾರೆ, ಅದು ನನಗೂ ಅರ್ಥವಾಗುತ್ತದೆ. ಆದರೆ ಕಾಣುವ ಪೈಪಿನಲ್ಲಿ ತೊಂದರೆಯೂ ಕಾಣುತ್ತದೆ. ಮಣ್ಣಿನ ಗೋಡೆಯ ಮೇಲೆ ದಪ್ಪ ಪಿವಿಸಿ ಪೈಪು ಸಾಕು. ಮರದ ಮೇಲೆ, ಅಟ್ಟದಲ್ಲಿ, ಇಲಿ ಓಡಾಡುವ ಕಡೆ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು ಹಾಕಿಸಿ. ಅದಕ್ಕೆ ಅರ್ಥಿಂಗ್ ಕೊಡಲೇಬೇಕು, ಇಲ್ಲದಿದ್ದರೆ ಒಳಗೆ ವೈರು ತರಚಿದ ದಿನ ಪೈಪೇ ಶಾಕ್ ಹೊಡೆಯುತ್ತದೆ. ಜಾಯಿಂಟುಗಳು ಡಬ್ಬಿಯೊಳಗೆ ಸ್ಕ್ರೂ ಬಿಗಿದ ಟರ್ಮಿನಲ್ಲಿನಲ್ಲೇ ಇರಲಿ. ಹುರಿ ಹಾಕಿ ಟೇಪು ಸುತ್ತುವುದನ್ನು ನಿಮ್ಮ ಮನೆಯಲ್ಲಿ ಒಂದೇ ಒಂದು ಕಡೆಗೂ ಒಪ್ಪಬೇಡಿ. ದೀಪಗಳಿಗೆ 1.5, ಪವರ್ ಸಾಕೆಟ್ಟಿಗೆ 2.5, ಗೀಸರಿಗೆ ಮೇನ್ ಬೋರ್ಡಿನಿಂದ ನೇರವಾಗಿ ಬೇರೆಯೇ 4 ಚದರ ಮಿಲಿಮೀಟರಿನ ತಾಮ್ರದ ಲೈನು. ಒಮ್ಮೆಲೇ ಖರ್ಚು ತಡೆಯುವುದಿಲ್ಲ ಎಂದಾದರೆ ಈ ವರ್ಷ ನಡುಮನೆಯ ಆ ಲೈನು, ಗೀಸರ್, ಅಡುಗೆಮನೆ, ಮಹಡಿ. ಮುಂದಿನ ವರ್ಷ ಉಳಿದದ್ದು. ಅಲ್ಲಿಯವರೆಗೆ ಹಳೆಯ ಲೈನಿನಲ್ಲಿ ದೀಪ ಮತ್ತು ಫ್ಯಾನ್ ಬಿಟ್ಟು ಬೇರೇನೂ ಬೇಡ, ಇಸ್ತ್ರಿ ಪೆಟ್ಟಿಗೆಯೂ ಬೇಡ. ಈ ಅರ್ಧ ಕೆಲಸದಲ್ಲಿರುವ ಅಪಾಯವೆಂದರೆ ಹಳೆಯ ಲೈನು ಇದೆ ಎನ್ನುವುದನ್ನೇ ಮನೆಯವರು ಮರೆಯುವುದು.

ಜೊತೆಗೆ ಆರ್‌ಸಿಸಿಬಿ ಹಾಕಿಸಿ, 30 ಮಿಲಿಆಂಪಿಯರಿನದು. ಕರೆಂಟು ತೇವದ ಗೋಡೆಗೋ ಮನುಷ್ಯರ ಮೈಗೋ ಸೋರಿದರೆ ಅದು ಲೈನು ಕಡಿಯುತ್ತದೆ. ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಆಗುಂಬೆಯ ನೆರೆಯವರು ನೀವು. ಆಷಾಢದಲ್ಲಿ ಆರ್‌ಸಿಸಿಬಿ ಪದೇ ಪದೇ ಬೀಳುತ್ತದೆ, ಯಾರೋ ಬಂದು ಅದನ್ನು ತಪ್ಪಿಸಿ ನೇರ ಲೈನು ಕೊಡುತ್ತಾರೆ. ಇದನ್ನು ಎಷ್ಟು ಮನೆಗಳಲ್ಲಿ ನೋಡಿದ್ದೇನೋ ಲೆಕ್ಕವಿಲ್ಲ. ಅದು ಬೀಳುತ್ತಿದ್ದರೆ ಗೋಡೆಯೊಳಗೆ ಸೋರಿಕೆ ಇದೆ ಎಂದರ್ಥ, ಹುಡುಕಬೇಕಾದದ್ದು ಅದನ್ನು. ಅರ್ಥಿಂಗ್ ಗುಂಡಿಯನ್ನು ಮಾತ್ರ ಬೇಸಿಗೆಯಲ್ಲಿ ಅಳೆಯಿಸಿ. ಮಳೆಗಾಲದಲ್ಲಿ ಯಾವ ಗುಂಡಿಯೂ ಚೆನ್ನಾಗಿಯೇ ತೋರಿಸುತ್ತದೆ. ಏಪ್ರಿಲ್‌ನಲ್ಲಿ ಮಣ್ಣು ಒಣಗಿದಾಗ, ಅದೂ ಗುಡುಗು ಸಿಡಿಲು ಶುರುವಾಗುವ ಹೊತ್ತಿಗೇ, ಅದು ಕೈಕೊಡುತ್ತದೆ.

ಬಚ್ಚಲ ಒಲೆ, ಅಡುಗೆಮನೆಯ ಒಲೆಗಳ ವಿಷಯ ನೀವು ಬರೆದಿಲ್ಲ. ಇದ್ದರೆ, ಒಲೆಯ ಮೇಲಿನ ಜಂತೆ, ಪಕಾಸಿಗಳಿಂದ ಇಲ್ಲಣ (ಹೊಗೆಯ ಮಸಿ) ತೆಗೆಸಿ. ಹೊಗೆಕೊಳವೆ ಹಲಗೆಯನ್ನು ತೂರಿ ಹೋಗುವ ಕಡೆ ಸುತ್ತ ಒಂದು ಅಡಿ ಮರ ಕತ್ತರಿಸಿ, ಸಿಮೆಂಟ್ ಬೋರ್ಡ್ ಅಥವಾ ಇಟ್ಟಿಗೆ ಕೊಡಿಸಿ. ವರ್ಷಗಟ್ಟಲೆ ಕಾದು ಕಾದು ಕಪ್ಪಾದ ಮರ ಹೊಸ ಮರಕ್ಕಿಂತ ಬೇಗ ಹೊತ್ತಿಕೊಳ್ಳುತ್ತದೆ. ಅದರ ಮೇಲಿನ ಅಟ್ಟದಲ್ಲಿ ಅಡಿಕೆ ಸಿಪ್ಪೆ, ಹಾಳೆ, ಗೋಣಿಚೀಲ ಇಡಬೇಡಿ.

ಇನ್ನು ಮಕ್ಕಳು. ಮಹಡಿಯಿಂದ ಇಳಿಯಲು ಒಂದೇ ಮೆಟ್ಟಿಲಿದ್ದು ಕಿಟಕಿಗಳಿಗೆಲ್ಲ ಸರಳಿದ್ದರೆ, ಒಂದು ಕಿಟಕಿಯ ಸರಳಿನ ಚೌಕಟ್ಟನ್ನು ಒಳಗಿನಿಂದ ತೆರೆಯುವಂತೆ ಮಾಡಿಸಿ. ಬೀಗ ಬೇಡ, ಅಗುಳಿ ಸಾಕು. ಮಕ್ಕಳ ಕೈಯಲ್ಲೇ ಒಮ್ಮೆ ತೆರೆಸಿ ನೋಡಿ. ಹೊಗೆ ಗುರುತಿಸಿ ಕೂಗುವ ಬ್ಯಾಟರಿ ಅಲಾರಾಂ ಒಂದನ್ನು ಮಹಡಿಯ ಹಲಗೆಯ ಸೀಲಿಂಗಿಗೆ, ಇನ್ನೊಂದನ್ನು ಮೆಟ್ಟಿಲ ಮೇಲ್ಗಡೆ ಹಾಕಿಸಿ. ಸೀಲಿಂಗ್ ಇಲ್ಲದ ಬರೀ ಹೆಂಚಿನಡಿಯಲ್ಲಿ ಹೊಗೆ ಸಂದಿನಿಂದ ಹೊರಹೋಗುವುದರಿಂದ ಅಲಾರಾಂ ತಡವಾಗಿ ಕೂಗುತ್ತದೆ. ಅಡುಗೆಮನೆಗೆ ಹೊಗೆಯದು ಬೇಡ, ಶಾಖ ಗುರುತಿಸುವುದು ಸಿಗುತ್ತದೆ. ಒಲೆಯ ಹೊಗೆಗೆ ದಿನವೂ ಕೂಗಿದರೆ ನೀವೇ ಅದರ ಬ್ಯಾಟರಿ ತೆಗೆದುಬಿಡುತ್ತೀರಿ.

ಬೆಂಕಿ ಕಂಡರೆ 112 ಅಥವಾ 101ಕ್ಕೆ ಕರೆ ಮಾಡಬೇಕು, ಸರಿ. ಆದರೆ ತೋಟದ ನಡುವಿನ ಒಂಟಿ ಮನೆಗೆ ಅಗ್ನಿಶಾಮಕ ವಾಹನ ಬರುವವರೆಗಿನ ಹೊತ್ತು ನಿಮ್ಮದೇ. ಆಗ ಮೊದಲು ಮಾಡುವುದು ಮೇನ್ ಇಳಿಸುವುದು. ಮೇನ್ ಇಳಿಸಿದರೆ ಮನೆಯ ಪಂಪೂ ನಿಲ್ಲುತ್ತದೆ ಎನ್ನುವುದು ಆ ಗಳಿಗೆಯವರೆಗೂ ಹೊಳೆಯುವುದಿಲ್ಲ. ಗುಡ್ಡದಿಂದ ಪಂಪಿಲ್ಲದೆ ತಾನೇ ಹರಿದು ಬರುವ ಅಬ್ಬಿ ನೀರು ಇದ್ದರೆ ಅದಕ್ಕೆ ಒಂದು ಕವಲು ಕೊಟ್ಟು, ಮಹಡಿ ಮುಟ್ಟುವಷ್ಟು ಉದ್ದದ ಪೈಪು ಸದಾ ಸಿಕ್ಕಿಸಿಯೇ ಇಡಿ. ಮೇನ್ ಮತ್ತು ಇನ್ವರ್ಟರ್ ಎರಡೂ ಆರುವ ತನಕ ನೀರು ಹಾಕಬಾರದು. ಅಷ್ಟರೊಳಗೆ ಬೇಕಾಗುವುದು ಎಬಿಸಿ ಪುಡಿಯ ನಂದಕ (ಬೆಂಕಿಯ ಮೇಲೆ ಒಣ ಪುಡಿ ಚಿಮ್ಮಿಸುವ ಸಿಲಿಂಡರು), ಮೆಟ್ಟಿಲ ಬುಡದಲ್ಲಿ ಒಂದಿರಲಿ.

ಮಳೆ ಹಿಡಿಯುವ ಮುಂಚೆ ನಡುಮನೆಯ ಪಟ್ಟಿ ಬಿಚ್ಚಿಸಿ. ಬಿಚ್ಚುವಾಗ ಮಾವನವರನ್ನು ಹತ್ತಿರ ಕುರ್ಚಿ ಹಾಕಿ ಕೂರಿಸಿ, ಮುಚ್ಚಳದ ಒಳಮೈಯನ್ನು ಅವರೇ ನೋಡಲಿ. ಹೊಸ ವೈರಿಂಗ್ ಆದ ಮೇಲೆ ಆಗಸ್ಟಿನಲ್ಲಿ, ಗೋಡೆ ಚೆನ್ನಾಗಿ ನೆಂದಿರುವಾಗ, ಇನ್ನೊಮ್ಮೆ ಮೆಗ್ಗರ್ ಹಿಡಿಸಿ, ಒಂದೊಂದು ಲೈನಿನ ಅಂಕಿಯನ್ನೂ ತಾರೀಖಿನ ಜೊತೆ ಮೇನ್ ಬೋರ್ಡಿನ ಬಾಗಿಲ ಒಳಗೆ ಬರೆಸಿಡಿ.